ಕೊನೆಯ ಬಸ್ಸು ಮತ್ತು ಕಾಲೇಜಿನ ಸಂಘ



ಮಗಳು ಡಿಗ್ರಿ ಕಾಲೇಜಿಗೆ ಸೇರಿ ಆರೇಳು ತಿಂಗಳಾಗಿದೆ ಎಂದಿಟ್ಟುಕೊಳ್ಳಿ. ಒಂದು ರಾತ್ರಿ ಊಟದ ಹೊತ್ತಿಗೆ ಅವಳು ಬ್ಯಾಗಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಅಪ್ಪನ ಮುಂದೆ ಇಡುತ್ತಾಳೆ. ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯವರು ಹತ್ತಿರದ ಒಂದು ಹಳ್ಳಿಯಲ್ಲಿ ಏಳು ದಿನಗಳ ಶಿಬಿರ ನಡೆಸುತ್ತಾರೆ, ಪೋಷಕರ ಸಹಿ ಬೇಕು. ಅಪ್ಪ ಎರಡು ಸಲ ಓದುತ್ತಾರೆ. "ಅಷ್ಟೂ ರಾತ್ರಿ ಹೊರಗೇ ಇರಬೇಕೇನಮ್ಮ?" ಎನ್ನುತ್ತಾರೆ. ಅಮ್ಮ, "ಪರೀಕ್ಷೆ ಯಾವಾಗ?" ಎಂದು ಕೇಳುತ್ತಾರೆ. ಮೂಲೆಯಲ್ಲಿ ಕುಳಿತ ಅಜ್ಜಿ, "ಗುಡಿಸೋದು ಕಲಿಯೋಕೆ ಬೇರೆ ಊರಿಗೆ ಯಾಕೆ ಹೋಗಬೇಕು, ಮನೇಲೇ ಪೊರಕೆ ಐತಲ್ಲ" ಎಂದು ನಗುತ್ತಾರೆ. ಹಾಳೆ ಮತ್ತೆ ಮಡಿಕೆಯಾಗಿ ಬ್ಯಾಗಿಗೆ ಹೋಗುತ್ತದೆ. ಯಾರೂ ಬೇಡವೆನ್ನಲಿಲ್ಲ, ಯಾರೂ ಸಹಿ ಹಾಕಲೂ ಇಲ್ಲ.

ಇಂಥ ಸಂಜೆ ಅನೇಕ ಮನೆಗಳಿಗೆ ಬಂದಿರುತ್ತದೆ. ಅಪ್ಪ ಅಮ್ಮನ ಅಂಜಿಕೆ ಸುಳ್ಳಲ್ಲ. ಆದರೆ ಆ ಹಾಳೆಯಲ್ಲಿ ಏನಿದೆ, ಅದಕ್ಕೆ ಸಹಿ ಹಾಕುವುದೆಂದರೆ ಏನು, ಹಾಕದಿದ್ದರೆ ಏನು ಹೋಗುತ್ತದೆ ಎಂಬುದನ್ನು ತಿಳಿದು ತೀರ್ಮಾನಿಸುವುದು ಬೇರೆ, ತಿಳಿಯದೆ ಸುಮ್ಮನಾಗುವುದು ಬೇರೆ. ಈ ವಾರ ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆ 1986ರಲ್ಲಿ ಆಯಿತು. 2007ರಲ್ಲಿ ರಾಮನಗರ ಬೇರೆಯಾದ ಮೇಲೆ ಉಳಿದದ್ದು ನಾಲ್ಕು ತಾಲ್ಲೂಕು: ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ. ತಾಲ್ಲೂಕು ಪಟ್ಟಣದ ಸರ್ಕಾರಿ ಪ್ರಥಮ ದರ್ಜೆ ಕಾಲೇಜೋ, ಊರ ಹಿರಿಯರು ಕಟ್ಟಿದ ಖಾಸಗಿ ಕಾಲೇಜೋ ಸುತ್ತಲಿನ ಹಳ್ಳಿಗಳ ಮಕ್ಕಳನ್ನು ಕೂಡಿಸಿಕೊಂಡು ನಡೆಯುತ್ತದೆ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಬಸ್ಸು ಹಿಡಿದು, ಪಾಠ ಕೇಳಿ, ಮತ್ತೆ ಬಸ್ಸು ಹಿಡಿದು ಮನೆಗೆ ಬರುವ ಮಕ್ಕಳು ಇವರು. ದೊಡ್ಡಬಳ್ಳಾಪುರದ ಕೆಲವು ಮನೆಗಳಲ್ಲಿ ಮಗ ಕಾಲೇಜಿನಿಂದ ಬಂದವನೇ ಮಗ್ಗದ ಮುಂದೆ ನಿಲ್ಲಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟಿನ ಚಿಂತೆ ಹೋಯಿತು. ಬಸ್ಸು ಎಷ್ಟು ಹೊತ್ತಿಗೆ ಎಂಬ ಚಿಂತೆ ಮಾತ್ರ ಹೋಗಲಿಲ್ಲ.

ಅಲ್ಲಿಯೇ ಇರುವುದು ತೊಡಕು. ಕಾಲೇಜಿನ ಸಂಘಗಳೆಲ್ಲ ಕೂಡುವುದು ಪಾಠ ಮುಗಿದ ಮೇಲೆ. ಪಾಠ ಮುಗಿದ ಮೇಲೆ ಉಳಿಯಬಲ್ಲವರು ಪೇಟೆಯ ಮಕ್ಕಳು. ಮಾತನಾಡಲು ಅಂಜುವ, ಹತ್ತು ಜನರೆದುರು ನಿಂತೇ ಇರದ, ಸಂಘದಿಂದ ಎಲ್ಲರಿಗಿಂತ ಹೆಚ್ಚು ಪಡೆಯಬಹುದಾದ ಹಳ್ಳಿಯ ಹುಡುಗಿ ಆ ಹೊತ್ತಿಗೆ ಬಸ್ ನಿಲ್ದಾಣದಲ್ಲಿ ಇರುತ್ತಾಳೆ.

ಬೇರೆಯವರದು ಕೈಗೆ ಬಂದಾಗ

"ಪಠ್ಯೇತರ ಚಟುವಟಿಕೆ" ಎಂಬ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಪಠ್ಯದ ಹೊರಗಿನದು ಎಂದಮೇಲೆ ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು ಎಂದುಕೊಳ್ಳುತ್ತೇವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಠ್ಯ ಮತ್ತು ಪಠ್ಯೇತರಗಳ ನಡುವೆ ಗಟ್ಟಿ ಗೋಡೆ ಬೇಡವೆಂದಿತು. ಕರ್ನಾಟಕ ಅದನ್ನು 2021ರಲ್ಲಿ ಪದವಿ ಕಾಲೇಜುಗಳಿಗೆ ತಂದು, 2024ರಲ್ಲಿ ಮತ್ತೆ ಹಳೆಯ ಮೂರು ವರ್ಷದ ಪದವಿಗೆ ಮರಳಿತು. ನೀತಿ ಬಂತು, ಹೋಯಿತು. ನಮ್ಮ ಮನೆಗಳೊಳಗಿನ ಗೋಡೆ ಹಾಗೆಯೇ ನಿಂತಿದೆ.

ಸಂಘವೆಂದರೆ ಹಾಡು, ಕುಣಿತ, ರಂಗೋಲಿ ಸ್ಪರ್ಧೆ ಎಂದಷ್ಟೇ ತಿಳಿದವರು ಹಲವರು. ಅವೂ ಬೇಕು. ಆದರೆ ಸಂಘದ ನಿಜವಾದ ಪಾಠ ವೇದಿಕೆಯ ಮೇಲಿಲ್ಲ, ವೇದಿಕೆಯ ಹಿಂದಿದೆ. ಅತಿಥಿಗೆ ಪತ್ರ ಬರೆಯುವುದು, ಪ್ರಾಂಶುಪಾಲರಿಂದ ಅನುಮತಿ ಪಡೆಯುವುದು, ಶಾಮಿಯಾನದವರ ಹತ್ತಿರ ಕುರ್ಚಿಗೆ ಚೌಕಾಸಿ ಮಾಡುವುದು, ಮೈಕು ಕೈಕೊಟ್ಟಾಗ ಜನರನ್ನು ಹತ್ತು ನಿಮಿಷ ಕೂರಿಸುವುದು, ವಂದನಾರ್ಪಣೆಯಲ್ಲಿ ಕುರ್ಚಿ ಹೊತ್ತವನ ಹೆಸರನ್ನೂ ಬಿಡದಿರುವುದು, ಕೊನೆಗೆ ಲೆಕ್ಕ ಒಪ್ಪಿಸುವುದು. ತರಗತಿಯಲ್ಲಿ ಮಗು ಓದಿದ್ದು ಮಗುವಿನದೇ, ಅಂಕ ಬಂದರೆ ಅದರದೇ, ಹೋದರೂ ಅದರದೇ. ಸಂಘದಲ್ಲಿ ಮೊದಲ ಬಾರಿಗೆ ಬೇರೆಯವರ ಹಣ, ಬೇರೆಯವರ ಸಮಯ, ಬೇರೆಯವರ ಮರ್ಯಾದೆ ಅದರ ಕೈಗೆ ಬರುತ್ತದೆ. ಹದಿನೆಂಟು ಹತ್ತೊಂಬತ್ತರ ವಯಸ್ಸಿನಲ್ಲಿ ಇದನ್ನು ಕಲಿಸುವ ಬೇರೆ ಜಾಗ ನನಗಂತೂ ಕಾಣುವುದಿಲ್ಲ. ಮದುವೆ ಮನೆಯ ಓಡಾಟ ಸ್ವಲ್ಪ ಕಲಿಸುತ್ತದೆ ಎನ್ನಿ, ಆದರೆ ಅಲ್ಲಿ ದೊಡ್ಡಪ್ಪನೋ ಸೋದರಮಾವನೋ ಯಾವಾಗಲೂ ಹಿಂದೆ ನಿಂತಿರುತ್ತಾರೆ.

ಇಲ್ಲಿ ಚಿಕ್ಕ ಕಾಲೇಜಿನ ಮಕ್ಕಳಿಗೆ ಒಂದು ಅನುಕೂಲವಿದೆ, ಅದನ್ನು ನಾವು ಕೊರತೆ ಎಂದುಕೊಂಡಿದ್ದೇವೆ. ಸಾವಿರಾರು ವಿದ್ಯಾರ್ಥಿಗಳಿರುವ ನಗರದ ಕಾಲೇಜಿನಲ್ಲಿ ವೇದಿಕೆ ಹತ್ತಾರು ಜಾಣರ ಪಾಲಾಗುತ್ತದೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಅಂತಿಮ ಬಿ.ಎ.ಯಲ್ಲಿ ಮೂವತ್ತೇ ಮಂದಿ ಇರುವ ಕಡೆ ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಸ್ವಾಗತ ಭಾಷಣಕ್ಕೆ ಯಾರಾದರೂ ಬೇಕೇ ಬೇಕು, ಮೂಲೆಯ ಹುಡುಗಿಯೂ ಸರತಿಗೆ ಬರುತ್ತಾಳೆ.

ನನ್ನದೇ ಒಂದು ಮಾತು ಹೇಳುತ್ತೇನೆ. ವಿದ್ಯಾರ್ಥಿಯಾಗಿದ್ದಾಗ ನಾನು ಕಾಲೇಜಿನ ಕನ್ನಡ ಸಂಘದ ಖಜಾಂಚಿಯಾಗಿದ್ದೆ. ರಾಜ್ಯೋತ್ಸವಕ್ಕೆಂದು ತಲೆಗೆ ಎರಡು ರೂಪಾಯಿಯಂತೆ ಎತ್ತಿದ ಹಣ ನನ್ನ ಜೇಬಿನಲ್ಲಿತ್ತು. ಹೂವಿಗೆ, ಬಾಳೆಕಂಬಕ್ಕೆ, ಕಾಫಿಗೆ ಕೈಬಿಚ್ಚಿ ಕೊಟ್ಟೆ, ಚೀಟಿ ಕೇಳಲಿಲ್ಲ. ಕೊನೆಗೆ ಹದಿನೆಂಟು ರೂಪಾಯಿಗೆ ಲೆಕ್ಕ ಸಿಗಲಿಲ್ಲ. ನಾನು ತಿಂದಿರಲಿಲ್ಲ, ಆದರೆ ಅದನ್ನು ತೋರಿಸುವುದು ಹೇಗೆ? ಕೈಯಿಂದ ತುಂಬಿಬಿಡುತ್ತೇನೆ ಎಂದು ಮೇಷ್ಟ್ರ ಹತ್ತಿರ ಹೋದೆ. ಅವರು ಬೇಡವೆಂದರು, ಬೈಯಲೂ ಇಲ್ಲ. ನಡವಳಿ ಪುಸ್ತಕ ತೆಗೆದು, "ಹದಿನೆಂಟು ರೂಪಾಯಿಗೆ ರಸೀದಿ ಇಲ್ಲ" ಎಂದು ನನ್ನ ಕೈಯಲ್ಲೇ ಬರೆಸಿದರು. ಮುಂದಿನ ಸಭೆಯಲ್ಲಿ ನನ್ನಿಂದಲೇ ಓದಿಸಿದರು. ಓದುವಾಗ ಕಿವಿ ಬಿಸಿಯಾದದ್ದು ಇವತ್ತಿಗೂ ನೆನಪಿದೆ. ಈಗಲೂ ಅಂಗಡಿಯಲ್ಲಿ ಐದು ರೂಪಾಯಿಯ ಗುಂಡುಪಿನ್ನು ಕೊಂಡರೂ ಚೀಟಿ ಕೇಳುತ್ತೇನೆ, ಅಂಗಡಿಯವರು ನಗುತ್ತಾರೆ. ಆ ವರ್ಷ ತರಗತಿಯಲ್ಲಿ ಕಲಿತದ್ದರಲ್ಲಿ ಎಷ್ಟು ಉಳಿದಿದೆ ಎಂದು ಮಾತ್ರ ಕೇಳಬೇಡಿ.

ಆ ಹಾಳೆಯಲ್ಲಿ ಇರುವುದೇನು?

ಈಗ ಮಗಳು ತಂದ ಹಾಳೆಗೆ ಬರೋಣ. ರಾಷ್ಟ್ರೀಯ ಸೇವಾ ಯೋಜನೆ, ಎಲ್ಲರ ಬಾಯಲ್ಲಿ ಎನ್.ಎಸ್.ಎಸ್., ಆರಂಭವಾದದ್ದು ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು. ಅಂದು 37 ವಿಶ್ವವಿದ್ಯಾನಿಲಯಗಳಲ್ಲಿ 40,000 ವಿದ್ಯಾರ್ಥಿಗಳೊಡನೆ ಅದನ್ನು ಆರಂಭಿಸಿದವರು ಆಗಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್. ಇವರು ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಅರ್ಥಶಾಸ್ತ್ರಜ್ಞರು. 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರೂ ಅವರೇ. "ನನಗಲ್ಲ, ನಿನಗೆ" ಎಂಬುದು ಯೋಜನೆಯ ಧ್ಯೇಯವಾಕ್ಯ. ಮಕ್ಕಳು ಎದೆಗೆ ಚುಚ್ಚಿಕೊಳ್ಳುವ ಬ್ಯಾಡ್ಜಿನಲ್ಲಿ ಇರುವುದು ಕೊನಾರ್ಕದ ಸೂರ್ಯ ದೇವಾಲಯದ ರಥಚಕ್ರ. ಅದರ ಎಂಟು ಅರಗಳು ದಿನದ ಎಂಟು ಜಾವಗಳು ಎಂದು ಅರ್ಥ ಹೇಳುತ್ತಾರೆ.

ಸೇರಿದ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು, ಒಂದು ವಿಶೇಷ ಶಿಬಿರಕ್ಕೆ ಹೋಗಬೇಕು. ಆಗ ಪ್ರಮಾಣಪತ್ರ. ಸಾಮಾನ್ಯವಾಗಿ ನೂರು ಮಂದಿಯ ಒಂದು ಘಟಕಕ್ಕೆ ಒಬ್ಬ ಅಧ್ಯಾಪಕರು ಕಾರ್ಯಕ್ರಮಾಧಿಕಾರಿ. 120 ಗಂಟೆ ಎಂದರೆ ಹೆದರಬೇಡಿ. ಕಾಲೇಜು ನಡೆಯುವ ನಲವತ್ತು ವಾರಕ್ಕೆ ಹಂಚಿದರೆ ವಾರಕ್ಕೆ ಮೂರು ಗಂಟೆ. ನಮ್ಮ ಮಕ್ಕಳು ಮೊಬೈಲಿನಲ್ಲಿ ಒಂದೇ ಭಾನುವಾರ ಅದಕ್ಕಿಂತ ಹೆಚ್ಚು ಕಳೆಯುತ್ತಾರೆ.

ಶಿಬಿರದ ಏಳು ದಿನ ಹೇಗಿರುತ್ತದೆ? ಕಾಲೇಜು ದತ್ತು ತೆಗೆದುಕೊಂಡ ಹಳ್ಳಿಯ ಶಾಲೆಯಲ್ಲೋ ಸಮುದಾಯ ಭವನದಲ್ಲೋ ಬಿಡಾರ. ಬೆಳಿಗ್ಗೆ ಎದ್ದು ಧ್ವಜಾರೋಹಣ, ಬಿಸಿಲೇರುವವರೆಗೆ ಶ್ರಮದಾನ: ಚರಂಡಿ, ಕಲ್ಯಾಣಿ, ಶಾಲೆಯ ಅಂಗಳ, ಗಿಡದ ಗುಂಡಿ. ಮಧ್ಯಾಹ್ನ ಒಂದು ಉಪನ್ಯಾಸ ಅಥವಾ ಮನೆಮನೆ ಸಮೀಕ್ಷೆ. ಸಂಜೆ ಊರವರ ಮುಂದೆ ಹಾಡು, ಕಿರುನಾಟಕ. ಅಡುಗೆ, ಬಡಿಸುವುದು, ಪಾತ್ರೆ ತೊಳೆಯುವುದು ತಂಡ ತಂಡವಾಗಿ ಸರದಿಯ ಮೇಲೆ. ಮನೆಯಲ್ಲಿ ತಟ್ಟೆ ಎತ್ತದ ಗಂಡುಮಗ ಅಲ್ಲಿ ಎಪ್ಪತ್ತು ತಟ್ಟೆ ತೊಳೆದು ಬರುತ್ತಾನೆ. ಅಜ್ಜಿ ಪೊರಕೆಯ ಮಾತು ಹೇಳಿದರಲ್ಲ, ಅದು ಮೊಮ್ಮಗಳಿಗಿಂತ ಮೊಮ್ಮಗನಿಗೆ ಹೆಚ್ಚು ಒಪ್ಪುತ್ತದೆ!

ಇನ್ನೊಂದು ಸಂಗತಿ. ಸಮೀಕ್ಷೆಗೆಂದು ಬೇರೆಯವರ ಮನೆಯ ಹೊಸ್ತಿಲಲ್ಲಿ ನಿಂತು, "ಅಮ್ಮಾ, ನಿಮ್ಮ ಮನೆಗೆ ನೀರು ಎಲ್ಲಿಂದ ತರುತ್ತೀರಿ? ಮಕ್ಕಳು ಎಷ್ಟನೇ ತರಗತಿಗೆ ಶಾಲೆ ಬಿಟ್ಟರು?" ಎಂದು ಕೇಳುವ ಅನುಭವ. ಹಳ್ಳಿಯಲ್ಲೇ ಬೆಳೆದ ಹುಡುಗಿಗೂ ತನ್ನ ಊರಿನ ಆ ಬದಿಯ ಕೇರಿಗೆ ಹೋಗಿ ಗೊತ್ತಿರುವುದಿಲ್ಲ. ಹೋದಾಗ ಕೊಟ್ಟ ನೀರನ್ನು ಕುಡಿಯಬೇಕೇ ಬೇಡವೇ ಎಂಬ ಪ್ರಶ್ನೆ ಪುಸ್ತಕದಲ್ಲಿ ಬರುವುದಿಲ್ಲ, ಲೋಟದಲ್ಲಿ ಬರುತ್ತದೆ.

ಎನ್.ಎಸ್.ಎಸ್. ಒಂದೇ ಅಲ್ಲ. 1948ರಲ್ಲಿ ಆರಂಭವಾದ ಎನ್.ಸಿ.ಸಿ. ಇದೆ. ಅದರ 'ಸಿ' ಪ್ರಮಾಣಪತ್ರ ಪಡೆದ ಪದವೀಧರರಿಗೆ ಸೈನ್ಯದ ಅಧಿಕಾರಿ ಹುದ್ದೆಗೆ ಲಿಖಿತ ಪರೀಕ್ಷೆಯಿಲ್ಲದೆ ನೇರ ಸಂದರ್ಶನಕ್ಕೆ ಹೋಗುವ ದಾರಿ ಇದೆ. ಯುವ ರೆಡ್ ಕ್ರಾಸ್, ರೋವರ್ಸ್ ಮತ್ತು ರೇಂಜರ್ಸ್, ಕನ್ನಡ ಸಂಘ, ಇತಿಹಾಸ ಸಂಘ, ವಾಣಿಜ್ಯ ಸಂಘ, ಕ್ರೀಡೆ ಇವೆ. ಎಲ್ಲ ಕಾಲೇಜಿನಲ್ಲೂ ಎಲ್ಲವೂ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ.

ರಕ್ತದಾನ ಶಿಬಿರದ ಬಗ್ಗೆ ಮಾತ್ರ ಒಂದೆರಡು ಮಾತು, ಏಕೆಂದರೆ ತಾಯಂದಿರು ಹೆಚ್ಚು ಅಂಜುವುದು ಇದಕ್ಕೇ. 18 ತುಂಬದವರು ರಕ್ತ ಕೊಡುವಂತಿಲ್ಲ, ಹಾಗಾಗಿ ಪ್ರಥಮ ವರ್ಷದ ಎಷ್ಟೋ ಮಕ್ಕಳು ತಾವಾಗಿಯೇ ಹೊರಗುಳಿಯುತ್ತಾರೆ. ತೂಕ 45 ಕಿಲೋಗೆ ಕಡಿಮೆ ಇರಬಾರದು, ಹಿಮೋಗ್ಲೋಬಿನ್ 12.5 ಗ್ರಾಂ ಇರಬೇಕು. ಒಮ್ಮೆಗೆ ತೆಗೆಯುವುದು 350 ಮಿಲಿಲೀಟರ್, ತೂಕ 55 ಕಿಲೋ ದಾಟಿದವರಲ್ಲಿ 450ರವರೆಗೆ. ಗಂಡಸರು ಮೂರು ತಿಂಗಳಿಗೆ, ಹೆಂಗಸರು ನಾಲ್ಕು ತಿಂಗಳಿಗೆ ಮುಂಚೆ ಮತ್ತೆ ಕೊಡಬಾರದು. ಹಿಮೋಗ್ಲೋಬಿನ್ ಸಾಲದೆಂದು ನಿಮ್ಮ ಮಗಳನ್ನು ವಾಪಸು ಕಳಿಸಿದರೆ ಅದನ್ನು ಅವಮಾನ ಎನ್ನಬೇಡಿ. ಅವಳ ಊಟದ ತಟ್ಟೆಯ ಕಡೆ ನೀವು ನೋಡಬೇಕಾದ ಕಾಲ ಬಂದಿದೆ ಎಂದು ತಿಳಿಯಿರಿ.

ಸಂಘಗಳು ಕಟ್ಟಿದ್ದು

ಕಾಲೇಜು ಹುಡುಗರ ಸಂಘದಿಂದ ಏನು ಮಹಾ ಆದೀತು ಎನ್ನುವವರಿಗೆ ಪಕ್ಕದ ಬೆಂಗಳೂರಿನ ಒಂದೆರಡು ಉದಾಹರಣೆ ಸಾಕು. ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷ್ ಆಳುತ್ತಿದ್ದ ಕಾಲದಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಕರ್ನಾಟಕ ಸಂಘ ಕಟ್ಟಿದರು. ಆ ಸಂಘ 1919ರಲ್ಲಿ 'ಪ್ರಬುದ್ಧ ಕರ್ನಾಟಕ' ಪತ್ರಿಕೆ ತಂದಿತು. ಹೊಸಗನ್ನಡ ಸಾಹಿತ್ಯದ ಚರಿತ್ರೆ ಬರೆಯುವವರು ಯಾರೂ ಆ ಪತ್ರಿಕೆಯನ್ನು ಬಿಟ್ಟು ಬರೆಯಲಾರರು. ಒಂದು ಕಾಲೇಜಿನ ಸಂಘದ ಪತ್ರಿಕೆ ಅದು!

ಕ್ರೈಸ್ಟ್ ಕಾಲೇಜನ್ನು ಸಿ.ಎಂ.ಐ. ಗುರುಗಳು ಆರಂಭಿಸಿದ್ದು 1969ರಲ್ಲಿ. ಈಗ ಅದು ವಿಶ್ವವಿದ್ಯಾನಿಲಯ, ಆಗ ಹೊಸದಾದ ಸಣ್ಣ ಕಾಲೇಜು. ಬೇರೆ ಬೇರೆ ಮನೆಮಾತಿನ ಮಕ್ಕಳು ತುಂಬಿದ್ದ ಆ ಇಂಗ್ಲಿಷ್ ವಾತಾವರಣದಲ್ಲಿ ಚಿ. ಶ್ರೀನಿವಾಸರಾಜು ಎಂಬ ಕನ್ನಡ ಮೇಷ್ಟ್ರು ಕನ್ನಡ ಸಂಘ ಬೆಳೆಸಿದರು. ಬೇಂದ್ರೆಯವರ ನೆನಪಿನಲ್ಲಿ ಅಂತರ ಕಾಲೇಜು ಕವನ ಸ್ಪರ್ಧೆ ನಡೆಸಿ, ಬಂದ ಒಳ್ಳೆಯ ಕವನಗಳನ್ನು ಅಚ್ಚು ಹಾಕಿಸಿ, ಕಡಿಮೆ ಬೆಲೆಯ ಪುಸ್ತಕ ಮಾಡಿ ಹಂಚಿದರು. ದೂರದ ಊರಿನ ಚಿಕ್ಕ ಕಾಲೇಜಿನ ಹುಡುಗ ಅಂಚೆಯಲ್ಲಿ ಕಳಿಸಿದ ಕವನಕ್ಕೂ ಅಲ್ಲಿ ಬೆಲೆಯಿತ್ತು. 2007ರಲ್ಲಿ ತೀರಿಕೊಂಡ ಅವರನ್ನು ಇಂದಿಗೂ 'ಮೇಷ್ಟ್ರು' ಎಂದೇ ನೆನೆಯುವ ಬರಹಗಾರರು ಬಹಳ ಮಂದಿ.

ಇನ್ನು ನಮ್ಮ ದೊಡ್ಡಬಳ್ಳಾಪುರದ ಆಚೆಯ ಗೌರಿಬಿದನೂರು ಕಡೆಯ ಒಬ್ಬ ಬಡ ಹುಡುಗ. ರೈಲಿಗೆ ದುಡ್ಡಿಲ್ಲದೆ 1935ರಲ್ಲಿ ಬೆಂಗಳೂರಿಗೆ ನಡೆದೇ ಬಂದು ನ್ಯಾಷನಲ್ ಹೈಸ್ಕೂಲು ಸೇರಿದ. ಮರುವರ್ಷ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಮಾತನ್ನು ಕನ್ನಡಕ್ಕೆ ಹೇಳಿದವನು ಅವನೇ. ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾದ ಡಾ. ಎಚ್. ನರಸಿಂಹಯ್ಯನವರು ಅವರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿ ವಾರವಾರವೂ ವಿಜ್ಞಾನದ ಉಪನ್ಯಾಸ ನಡೆಯುವಂತೆ ಮಾಡಿದರು. ಅಂದು ವೇದಿಕೆ ಹತ್ತಿದ ಹುಡುಗ ತಾನು ದೊಡ್ಡವನಾದ ಮೇಲೆ ಬೇರೆಯವರಿಗೆ ವೇದಿಕೆ ಹಾಕಿಕೊಟ್ಟ.

ದೂರದ ಒಂದು ಕಥೆಯನ್ನೂ ಸೇರಿಸುತ್ತೇನೆ, ನಮ್ಮ ಧರ್ಮಕೇಂದ್ರಗಳಲ್ಲಿ ಅದರ ಕುರುಹು ಇರುವುದರಿಂದ. 1830ರ ದಶಕದ ಪ್ಯಾರಿಸ್. ಫ್ರೆಡರಿಕ್ ಓಜಾನಾಂ ಎಂಬ ಕಾಲೇಜು ಹುಡುಗ ಗೆಳೆಯರೊಡನೆ ಒಂದು ಚರ್ಚಾ ಸಂಘ ನಡೆಸುತ್ತಿದ್ದ. ಧರ್ಮಸಭೆ ಲೋಕಕ್ಕೆ ಏನೇನು ಒಳಿತು ಮಾಡಿದೆ ಎಂದು ಸೊಗಸಾಗಿ ವಾದಿಸುತ್ತಿದ್ದ. ಎದುರು ಪಕ್ಷದ ಒಬ್ಬ ವಿದ್ಯಾರ್ಥಿ, ಅದೆಲ್ಲ ಹಿಂದಿನ ಮಾತು, ಈಗ ಈ ಊರಿನ ಬಡವರಿಗೆ ನೀವು ಮಾಡುತ್ತಿರುವುದೇನು ಎಂದು ಕೇಳಿಬಿಟ್ಟ. ಹಿಂದಿನ ವರ್ಷವಷ್ಟೇ ಕಾಲರಾ ಆ ನಗರದ ಬಡಕೇರಿಗಳನ್ನು ಬಡಿದು ಹೋಗಿತ್ತು. ಓಜಾನಾಂಗೆ ಉತ್ತರ ಹೊಳೆಯಲಿಲ್ಲ. 1833ರ ಏಪ್ರಿಲ್ 23ರಂದು, ಅವನಿಗೆ ಇಪ್ಪತ್ತು ತುಂಬಿದ ದಿನವೇ, ಕೆಲವೇ ಗೆಳೆಯರು ಒಬ್ಬ ಪತ್ರಿಕಾ ಸಂಪಾದಕರ ಕಚೇರಿಯಲ್ಲಿ ಸೇರಿದರು. ಬಡವರ ಮನೆಗೆ ಹೋಗುವುದು ಹೇಗೆಂದು ಸಿಸ್ಟರ್ ರೊಸಾಲಿ ಎಂಬ ಕನ್ಯಾಸ್ತ್ರೀಯಿಂದ ಕಲಿತರು. ಅದೇ ಇಂದು ಲೋಕದಾದ್ಯಂತ ಇರುವ ಸಂತ ವಿನ್ಸೆಂಟ್ ದೆ ಪೌಲ್ ಸಭೆ. 1997ರಲ್ಲಿ ಪ್ಯಾರಿಸ್‌ನಲ್ಲಿ ವಿಶ್ವ ಯುವಜನ ದಿನ ನಡೆದಾಗ ಎರಡನೇ ಜಾನ್ ಪೌಲ್ ಜಗದ್ಗುರುಗಳು ಓಜಾನಾಂರನ್ನು ಪುನೀತರೆಂದು ಸಾರಿದರು. ಭಾನುವಾರ ಪೂಜೆ ಮುಗಿದ ಮೇಲೆ ಆ ಸಭೆಯ ಪೆಟ್ಟಿಗೆಗೆ ಕಾಸು ಹಾಕುವಾಗ, ಇದು ಚರ್ಚಾ ಸ್ಪರ್ಧೆಯಲ್ಲಿ ಸೋತ ಹುಡುಗರು ಕಟ್ಟಿದ್ದು ಎಂದು ಮಕ್ಕಳಿಗೆ ಹೇಳಬಹುದು.

ಹೆಸರಿಗೆ ಮಾತ್ರ ಇರುವ ಸಂಘ

ಹಾಗೆಂದು ಕಾಲೇಜಿನ ಸಂಘಗಳೆಲ್ಲ ಹೀಗೇ ನಡೆಯುತ್ತಿವೆ ಎಂದು ನಿಮ್ಮನ್ನು ನಂಬಿಸಲಾರೆ. ಜುಲೈಯಲ್ಲೋ ಆಗಸ್ಟಿನಲ್ಲೋ ಉದ್ಘಾಟನೆ: ದೀಪ, ಅತಿಥಿಗೆ ಶಾಲು, ಹಣ್ಣಿನ ಬುಟ್ಟಿ, ಮುಕ್ಕಾಲು ಗಂಟೆ ಭಾಷಣ. ಮಾರ್ಚಿಯಲ್ಲೋ ಏಪ್ರಿಲ್‌ನಲ್ಲೋ ಸಮಾರೋಪ: ಮತ್ತೊಂದು ಶಾಲು. ನಡುವೆ ಏನೂ ಇಲ್ಲ. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ಸಂಸ್ಥೆ 1994ರಲ್ಲಿ ಆಯಿತು, ಅದರ ಕೇಂದ್ರ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ. ವಿದ್ಯಾರ್ಥಿ ಚಟುವಟಿಕೆ, ಊರಿನ ಸೇವೆ ಇವನ್ನೂ ಅದು ಲೆಕ್ಕಕ್ಕೆ ಹಿಡಿದದ್ದು ಒಳ್ಳೆಯದೇ. ಆದರೆ ಅದರ ನೆರಳಿನಲ್ಲಿ ಒಂದು ಕೆಟ್ಟ ಚಾಳಿ ಬೆಳೆಯಿತು. ಬ್ಯಾನರು ಕಟ್ಟು, ಪೊರಕೆ ಹಿಡಿಸು, ಫೋಟೊ ತೆಗೆ, ಫೈಲಿಗೆ ಸೇರಿಸು. ಗುಡಿಸಿದ್ದು ಎಷ್ಟು ಮೊಳ ಎಂದು ಯಾರೂ ಕೇಳುವುದಿಲ್ಲ.

ಇದಕ್ಕಿಂತ ಕೆಟ್ಟದ್ದೂ ಉಂಟು. ಯಾರೋ ಮುಖಂಡರ ಮೆರವಣಿಗೆಗೆ ತಲೆ ತುಂಬಿಸಲು ವಿದ್ಯಾರ್ಥಿಗಳನ್ನು ಕರೆದೊಯ್ಯುವುದು, ಸಂಘದ ಹೆಸರಿನಲ್ಲಿ ಮಕ್ಕಳಿಂದ ಹಣ ಎತ್ತಿ ಲೆಕ್ಕ ತೋರಿಸದಿರುವುದು. ಇಂಥಲ್ಲಿಂದ ಮಗುವನ್ನು ಬಿಡಿಸಿಕೊಳ್ಳುವುದು ನಿಮ್ಮ ಹಕ್ಕು. ಕಾಲೇಜು ಎಂದರೆ ಹೊಡೆದಾಟ, ಚುನಾವಣೆ ಎಂಬ ಹಳೆಯ ಹೆದರಿಕೆ ಮಾತ್ರ ಇಲ್ಲಿ ಬೇಡ. ಕರ್ನಾಟಕದ ಕಾಲೇಜುಗಳಲ್ಲಿ ಆ ಬಗೆಯ ವಿದ್ಯಾರ್ಥಿ ಚುನಾವಣೆಗಳು 1989ರ ಸುಮಾರಿಗೇ ನಿಂತವು. ಕನ್ನಡ ಸಂಘದ ಕಾರ್ಯದರ್ಶಿಯನ್ನು ಆರಿಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಅಂಕದ ಪ್ರಶ್ನೆ ಉಳಿಯಿತು. ಐದು ಸಂಘಕ್ಕೆ ಹೆಸರು ಕೊಟ್ಟು ಓದಿನಿಂದ ತಲೆತಪ್ಪಿಸಿಕೊಳ್ಳುವ ಮಕ್ಕಳು ಇಲ್ಲವೆನ್ನಲಾರೆ. ಒಂದೇ ಸಂಘ ಸಾಕು, ಮೂರು ವರ್ಷ ಅದರಲ್ಲೇ ಇರಲಿ. ಮೊದಲ ವರ್ಷ ಕುರ್ಚಿ ಹೊತ್ತವನು ಎರಡನೇ ವರ್ಷ ಪತ್ರ ಬರೆಯಲಿ, ಮೂರನೇ ವರ್ಷ ಲೆಕ್ಕ ಹಿಡಿಯಲಿ. ಪದವಿ ಮುಗಿಸಿ ವಿಮಾನ ನಿಲ್ದಾಣದ ಕಡೆಯ ಕಂಪನಿಗೋ ಬಾಶೆಟ್ಟಿಹಳ್ಳಿಯ ಕೈಗಾರಿಕೆಗೋ ಸಂದರ್ಶನಕ್ಕೆ ಹೋದಾಗ ಮೊದಲು ಕೇಳುವುದು, "ನಿಮ್ಮ ಬಗ್ಗೆ ಹೇಳಿ" ಎಂದು. ಎಪ್ಪತ್ತು ಅಂಕದವರು ಅಲ್ಲಿ ಬಾಯಿ ಒಣಗಿ ನಿಂತದ್ದನ್ನು ಕಂಡ ಮೇಲೆ ನಾನು ಈ ಮಾತು ಬರೆಯುತ್ತಿದ್ದೇನೆ.

ಬಸ್ಸಿಗೆ ಏನು ಮಾಡೋಣ?

ಬಸ್ಸು ನಮ್ಮ ಮಾತು ಕೇಳುವುದಿಲ್ಲ, ಸಂಘದ ಹೊತ್ತು ಕೇಳೀತು. ಸಂಜೆ ನಾಲ್ಕಕ್ಕೆ ಕೂಡುವ ಸಂಘ ವಾರಕ್ಕೊಂದು ದಿನ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕೂಡಬಾರದೇಕೆ? ಡಬ್ಬಿ ಬಿಚ್ಚಿಕೊಂಡೇ ಸಭೆ ನಡೆಯಲಿ. ಪೋಷಕರ ಸಭೆಗೆ ಕರೆದಾಗ ನಾವು ಹಾಜರಾತಿ, ಅಂಕ ಎಂದಷ್ಟೇ ಕೇಳಿ ಬರುತ್ತೇವೆ. ಮುಂದಿನ ಬಾರಿ ಇದನ್ನೂ ಕೇಳಿ: ನಿಮ್ಮ ಸಂಘಗಳಲ್ಲಿ ಬಸ್ಸಿನಲ್ಲಿ ಬರುವ ಮಕ್ಕಳು ಎಷ್ಟು ಜನ? ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ, ಮಕ್ಕಳದೋ ಗುಮಾಸ್ತರದೋ? ಉತ್ತರ ಬಾರದಿದ್ದರೂ ಪ್ರಶ್ನೆ ಅಲ್ಲೇ ಉಳಿಯುತ್ತದೆ.

ಈ ಪುಟ ಓದುವ ವಿದ್ಯಾರ್ಥಿಗಳಿ‌ಗೂ ಒಂದು ಮಾತು. ನಿಮ್ಮ ಕಾಲೇಜಿನಲ್ಲಿ ಸಂಘ ಸತ್ತಿದ್ದರೆ ಐದು ಜನ ಸೇರಿ ಒಂದು ಗೋಡೆಪತ್ರಿಕೆ ಆರಂಭಿಸಿ. ಬೇಕಾದ್ದು ಚಾರ್ಟ್ ಹಾಳೆ, ಗೋಂದು, ಗುಂಡುಪಿನ್ನು, ಒಬ್ಬ ಮೇಷ್ಟ್ರ ಒಪ್ಪಿಗೆ. ಬರೆಯಲು ವಿಷಯ ಎಲ್ಲಿ ಎನ್ನಬೇಡಿ. ನಂದಿ ಬೆಟ್ಟದ ಮಗ್ಗುಲಲ್ಲಿ ಹುಟ್ಟಿ ದೊಡ್ಡಬಳ್ಳಾಪುರ ಹಾದು ಕೊನೆಗೆ ಕಾವೇರಿ ಸೇರುವ ಅರ್ಕಾವತಿ ನಿಮ್ಮ ಊರಿನಲ್ಲಿ ಯಾವ ವರ್ಷದವರೆಗೆ ಹರಿಯಿತು ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಹೊಸಕೋಟೆಯವರಿಗೆ ದಕ್ಷಿಣ ಪಿನಾಕಿನಿಯೂ ದೊಡ್ಡ ಕೆರೆಯೂ ಇದೆ.

ಇತಿಹಾಸದವರಿಗೆ ಇನ್ನೂ ಒಳ್ಳೆಯ ಕೆಲಸವಿದೆ. ಬಿ.ಎಲ್. ರೈಸ್ ಅವರು ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳನ್ನೆಲ್ಲ ಊರೂರಿಗೆ ಓದಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೇ ಸಂಪುಟವಾಗಿ 1905ರಲ್ಲಿ ಅಚ್ಚು ಹಾಕಿಸಿದರು. ನಮ್ಮ ನಾಲ್ಕೂ ತಾಲ್ಲೂಕಿನ ಊರುಗಳು ಅದರಲ್ಲಿ ಇವೆ. ಅದನ್ನು ತೆರೆದು ನಿಮ್ಮ ಊರಿನ ಹೆಸರು ಹುಡುಕಿ. ಇದ್ದರೆ, ಆ ಕಲ್ಲು ಹೇಳಿದ ಜಾಗದಲ್ಲಿ ಇನ್ನೂ ಇದೆಯೇ ಎಂದು ಹೋಗಿ ನೋಡಿ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಹೊಲಗಳು ಬಡಾವಣೆಗಳಾಗುತ್ತಿವೆ. ಜೆಸಿಬಿ ಯಂತ್ರಕ್ಕೆ ವೀರಗಲ್ಲು ಯಾವುದು, ಚಪ್ಪಡಿ ಯಾವುದು ಗೊತ್ತಾಗುವುದಿಲ್ಲ. 1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಈಚಿನ ವರ್ಷಗಳಲ್ಲಿ ಬೆಂಗಳೂರು ಸುತ್ತಿನ ಶಾಸನಗಳನ್ನು ಹೊಸ ತಂತ್ರದಿಂದ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ಒಂದು ಚಿಕ್ಕ ಕಾಲೇಜಿನ ಐದು ಹುಡುಗರು, "ನಮ್ಮ ಊರಿನ ಕಲ್ಲು ಇಲ್ಲಿದೆ, ಹೀಗಿದೆ" ಎಂದು ದಿನಾಂಕ ಹಾಕಿ ಫೋಟೊ ಸಮೇತ ಬರೆದಿಟ್ಟರೆ ಅದು ಯಾವ ಎಂ.ಎ. ಪ್ರಬಂಧಕ್ಕೂ ಕಡಿಮೆಯಲ್ಲ. ಕಲ್ಲಿನ ಮೇಲೆ ಸುಣ್ಣ ಬಳಿಯಬೇಡಿ, ಅಕ್ಷರವನ್ನು ಮೊಳೆಯಿಂದ ಕೆರೆಯಬೇಡಿ. ಭೂಮಿಯ ಯಜಮಾನರನ್ನು ಮೊದಲು ಕೇಳಿ, ನಿಧಿಗೆ ಬಂದವರು ಎಂದು ಬೈಸಿಕೊಂಡೀರಿ.

ಕೊನೆಗೆ ಮತ್ತೆ ಊಟದ ಮನೆಗೆ. ಮಗಳ ಹಾಳೆ ಇನ್ನೂ ಬ್ಯಾಗಿನಲ್ಲೇ ಇದೆ. ಅವಳನ್ನು ಕರೆದು ಕೂರಿಸಿ ಕೇಳಿ: ಶಿಬಿರ ಯಾವ ಊರಲ್ಲಿ, ಹುಡುಗಿಯರು ಮಲಗುವುದು ಯಾವ ಕಟ್ಟಡದಲ್ಲಿ, ರಾತ್ರಿ ಜೊತೆಗಿರುವ ಅಧ್ಯಾಪಕಿ ಯಾರು, ಸ್ನಾನಕ್ಕೆ, ಶೌಚಕ್ಕೆ ಏನು ವ್ಯವಸ್ಥೆ. ಅವಳಿಗೆ ಗೊತ್ತಿಲ್ಲದಿದ್ದರೆ ನಾಳೆ ಕಾಲೇಜಿನಲ್ಲಿ ಕೇಳಿಕೊಂಡು ಬರಲಿ, ಕೇಳಿ ಬರುವುದೂ ಒಂದು ಕಲಿಕೆ. ಅಧ್ಯಾಪಕಿಯ ಫೋನ್ ನಂಬರು ಬರೆದುಕೊಳ್ಳಿ, ಒಮ್ಮೆ ಮಾತನಾಡಿ. ಉತ್ತರ ಸರಿ ಬಾರದಿದ್ದರೆ, ಈ ಕಾರಣಕ್ಕೆ ಕಳಿಸುತ್ತಿಲ್ಲ ಎಂದು ಅದೇ ಹಾಳೆಯ ಮೇಲೆ ಬರೆದು ಕಳಿಸಿ, ಕಾಲೇಜಿಗೂ ಅದು ತಿಳಿಯಲಿ. ಸರಿ ಬಂದರೆ ಸಹಿ ಹಾಕಿ. ನಡುವೆ ಒಂದು ದಿನ ಬಿಡುವಾದರೆ ನೀವೂ ಆ ಹಳ್ಳಿಗೆ ಹೋಗಿ ಬನ್ನಿ, ಶಿಬಿರದ ಅಡುಗೆಗೆ ನಾಲ್ಕು ಸೇರು ಅಕ್ಕಿಯೋ ಒಂದು ಗೊನೆ ಬಾಳೆಹಣ್ಣೋ ಒಯ್ದರೆ ಬೇಡವೆನ್ನುವವರಿಲ್ಲ. ಏಳು ದಿನ ಬಿಟ್ಟು ಅವಳು ಬಿಸಿಲಿಗೆ ಕಪ್ಪಾಗಿ, ಗಂಟಲು ಕಟ್ಟಿಸಿಕೊಂಡು ಬರುತ್ತಾಳೆ. ಬಂದವಳನ್ನು, ಬಹುಮಾನ ಏನು ಬಂತು ಎಂದು ಕೇಳಬೇಡಿ. ನಿನಗೆ ಯಾವ ಕೆಲಸ ಒಪ್ಪಿಸಿದ್ದರು ಎಂದು ಕೇಳಿ, ಅವಳು ಹೇಳಿ ಮುಗಿಸುವವರೆಗೆ ಟಿ.ವಿ. ಆರಿಸಿರಿ.